ಧೂಳಿಗೆ ಪರದೆ, ನಮ್ಮೋರಿಗೆ ಧೂಳು



ಸ್ವಲ್ಪ ಉದ್ದ ಬರೀತಿದೀನಿ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಅರ್ಧ ಓದಿ ಲೈಕ್ ಒತ್ತಿ ಹೋಗೋದಾದ್ರೆ ಈಗಲೇ ಮುಂದೆ ಹೋಗಿಬಿಡಿ, ಬೇಜಾರಿಲ್ಲ.

ಹೋದ ವಾರ ಹೊಳಲ್ಕೆರೆ ತಾಲ್ಲೂಕಿನ ಒಂದು ಮನೆಗೆ ಹೋಗಿದ್ದೆ. ಅಡಿಕೆ ತೋಟದೋರ ಮನೆ. ಅರ್ಧ ಮನೇಲಿ ಸಂಸಾರ, ಇನ್ನರ್ಧದಲ್ಲಿ ರಿಪೇರಿ. ಹಳೇ ರೆಡ್ ಆಕ್ಸೈಡ್ ನೆಲ ಕಿತ್ತು ಟೈಲ್ಸ್ ಹಾಕ್ತಿದ್ರು, ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೂರಿಸ್ತಿದ್ರು. ನಮ್ಮ ಕಾಲೋನಿಯ ಮೂರು ಜನ ಅಲ್ಲಿ ಕೆಲಸಕ್ಕಿದ್ರು, ಅವರಲ್ಲಿ ಒಬ್ಬ ನಮ್ಮ ಚಿಕ್ಕಪ್ಪನ ಮಗ. ಕೂಲಿ ಬಾಕಿ ವಿಚಾರ ಮಾತಾಡೋಕೆ ನಾನು ಹೋಗಿದ್ದು.

ಹಾಲ್‌ನಿಂದ ದೇವರಮನೆ ಕಡೆ ಹೋಗೋ ದಾರಿಗೆ ನೆಲದಿಂದ ತಾರಸಿವರೆಗೂ ದಪ್ಪ ಪ್ಲಾಸ್ಟಿಕ್ ಶೀಟ್ ಕಟ್ಟಿದ್ರು. ಅಂಚಿಗೆಲ್ಲಾ ಅಗಲದ ಟೇಪು. ಬುಡಕ್ಕೆ ಒದ್ದೆ ಗೋಣಿಚೀಲ. ಫ್ಯಾನಿಗೆ, ಸೋಫಾಗೆ, ಟಿವಿಗೆ ಹಳೇ ಸೀರೆ ಹೊದಿಸಿದ್ರು. ನಿಜ ಹೇಳ್ಬೇಕಂದ್ರೆ ಅಚ್ಚುಕಟ್ಟಾಗಿ ಮಾಡಿದ್ರು. ಮನೆ ಯಜಮಾನ್ರು ಹೆಮ್ಮೆಯಿಂದ ತೋರಿಸಿದ್ರು: "ನೋಡ್ರಿ ಲೀಡ್ರೇ, ಒಂದು ಚೂರು ಧೂಳು ಈ ಕಡೆ ಬರಂಗಿಲ್ಲ. ಯೂಟ್ಯೂಬ್ ನೋಡಿ ನಾನೇ ಮಾಡಿಸ್ದೆ."

ನಾನು ಕೇಳಿದೆ: "ಆ ಕಡೆ?"

ಅವರಿಗೆ ಪ್ರಶ್ನೆನೇ ಅರ್ಥ ಆಗಲಿಲ್ಲ. "ಆ ಕಡೆ ಏನು? ಆ ಕಡೆ ಕೆಲಸದೋರು ಅದಾರೆ, ಅಷ್ಟೇ."

ಕೆಲಸದೋರು ಅದಾರೆ, ಅಷ್ಟೇ. ಗೆಳೆಯರೇ, ನಾನು ಬರೀತಿರೋದು ಈ "ಅಷ್ಟೇ" ಅನ್ನೋ ಒಂದು ಪದದ ಬಗ್ಗೆ.

ಶೀಟ್ ಎತ್ತಿ ಒಳಗೆ ಹೋದೆ. ಕಿಟಕಿ ಮುಚ್ಚಿತ್ತು, ಪಕ್ಕದ ಮನೆಯೋರು ಧೂಳು ಬರ್ತೈತೆ ಅಂತ ಜಗಳ ತೆಗೆದಿದ್ರಂತೆ. ಬಾಗಿಲು ಕಡೆ ಪ್ಲಾಸ್ಟಿಕ್ಕು, ಕಿಟಕಿ ಕಡೆ ಚಿಲಕ. ಮಧ್ಯೆ ಕಟ್ಟರ್ ಮೆಷಿನ್ ಒಣ ಗ್ರಾನೈಟ್ ಮೇಲೆ ಕಿರುಚ್ತಿತ್ತು. ನಮ್ಮ ತಮ್ಮ ಎದುರಿಗೇ ಕೂತಿದ್ದ, ಆದರೆ ಕಾಣಿಸ್ತಿರಲಿಲ್ಲ. ಬಿಳೀ ಹೊಗೆ ಥರ ಧೂಳು. ಮುಖಕ್ಕೆ ಒಂದು ಟವೆಲ್ ಸುತ್ಕೊಂಡಿದ್ದ. ಮೆಷಿನ್ ಆಫ್ ಮಾಡಿ ನನ್ನ ನೋಡಿ ನಕ್ಕಾಗ ಹಲ್ಲು ಬಿಟ್ರೆ ಮಿಕ್ಕಿದ್ದೆಲ್ಲಾ ಬೂದಿ ಬಣ್ಣ.

ಮೊದಲೇ ಒಂದು ಮಾತು. ನಾನು ಆ ಶೀಟಿನ ವಿರೋಧಿ ಅಲ್ಲ. ಆ ಮನೇಲಿ ಉಬ್ಬಸ ಇರೋ ವಯಸ್ಸಾದ ಅಜ್ಜಿ ಇದಾರೆ, ಎರಡು ವರ್ಷದ ಮಗು ಐತೆ. ಅವರ ಕಡೆ ಧೂಳು ಹೋಗಬಾರದು. ಅದು ನ್ಯಾಯ. ಅವರ ಪುಪ್ಪುಸಕ್ಕೆ ಇರೋ ಬೆಲೆ ನಮ್ಮ ಹುಡುಗನ ಪುಪ್ಪುಸಕ್ಕೆ ಯಾಕಿಲ್ಲ ಅನ್ನೋದಷ್ಟೇ ನನ್ನ ಪ್ರಶ್ನೆ.

ಈ ಧೂಳು ಅಂದ್ರೆ ಏನು ಅಂತ ಮೊದಲು ತಿಳ್ಕೊಳ್ಳೋಣ. ಗ್ರಾನೈಟು, ಟೈಲ್ಸು, ಕಾಂಕ್ರೀಟು, ಮರಳು ಬೆರೆಸಿದ ಗಾರೆ ಎಲ್ಲದರಲ್ಲೂ ಸಿಲಿಕಾ ಇರುತ್ತೆ. ಒಣಗಿರೋದನ್ನ ಕತ್ತರಿಸಿದಾಗ, ಉಜ್ಜಿದಾಗ, ಒಡೆದಾಗ ಅದು ಪುಡಿಯಾಗಿ ಗಾಳಿಗೆ ಏರುತ್ತೆ. ಕಣ್ಣಿಗೆ ಕಾಣೋ ದಪ್ಪ ಧೂಳು ಬೇಗ ನೆಲಕ್ಕೆ ಇಳಿಯುತ್ತೆ, ಮೂಗು ಗಂಟಲು ಅದನ್ನ ಒಂದಷ್ಟು ತಡೀತವೆ. ಕೊಲ್ಲೋದು ಕಾಣದೇ ಇರೋ ಧೂಳು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದ್ಕೊಂಡ್ರೆ ಈ ಕಣ 4 ಮೈಕ್ರಾನ್, ಇನ್ನೂ ಕಡಿಮೆ. ಮೆಷಿನ್ ಆಫ್ ಮಾಡಿದ ಮೇಲೂ ಗಂಟೆಗಟ್ಟಲೆ ಗಾಳೀಲಿ ತೇಲ್ತಿರುತ್ತೆ. ಪುಪ್ಪುಸದ ತಳಕ್ಕೆ ಹೋಗಿ ಕೂರುತ್ತೆ, ಆಮೇಲೆ ಹೊರಗೆ ಬರಲ್ಲ. ಅಲ್ಲಿ ಗಾಯ ಮಾಡುತ್ತೆ, ಗಾಯ ಕಲ್ಲಿನಂಗೆ ಗಟ್ಟಿಯಾಗುತ್ತೆ, ಉಸಿರಿಗೆ ಜಾಗ ಕಮ್ಮಿ ಆಗ್ತಾ ಬರುತ್ತೆ. ಇದಕ್ಕೆ ಸಿಲಿಕೋಸಿಸ್ ಅಂತಾರೆ. ವಾಸಿ ಮಾಡೋ ಔಷಧಿ ಇಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ಬೆಳೀತಾ ಹೋಗಬಹುದು.

ಅಮೆರಿಕದಲ್ಲಿ 2016ರಲ್ಲಿ ಮಾಡಿದ ನಿಯಮದ ಪ್ರಕಾರ ಒಬ್ಬ ಕೆಲಸಗಾರ ಎಂಟು ಗಂಟೆ ಉಸಿರಾಡೋ ಗಾಳೀಲಿ ಒಂದು ಘನ ಮೀಟರಿಗೆ ಸರಾಸರಿ 50 ಮೈಕ್ರೋಗ್ರಾಂಗಿಂತ ಹೆಚ್ಚು ಈ ಸಿಲಿಕಾ ಇರಬಾರದು. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ಕಿಟಕಿ ಮುಚ್ಚಿದ ಕೋಣೇಲಿ ಒಣಾ ಗ್ರಾನೈಟ್ ಕೊಯ್ದರೆ ಆ ಗೆರೆ ಯಾವ ಮೂಲೇಲಿ ಉಳಿಯುತ್ತೆ ನೀವೇ ಹೇಳಿ.

ಈಗ ಶೀಟಿನ ವಿಚಾರಕ್ಕೆ ಬನ್ನಿ. ಪ್ಲಾಸ್ಟಿಕ್ ಶೀಟು ಧೂಳನ್ನ ನಾಶ ಮಾಡಲ್ಲ, ಕೂಡಿಹಾಕುತ್ತೆ. ಮುಂಚೆ ಇಡೀ ಮನೆಗೆ ಹರಡಿ ಹೋಗ್ತಿದ್ದ ಧೂಳು ಈಗ ಹತ್ತಡಿ ಹನ್ನೆರಡಡಿ ಕೋಣೇಲಿ ನಿಲ್ಲುತ್ತೆ. ಆ ಕೋಣೇಲಿ ಯಾರು ಇದಾರೋ ಅವರು ಎಲ್ಲರ ಪಾಲಿನ ಧೂಳನ್ನೂ ಒಬ್ಬರೇ ನುಂಗ್ತಾರೆ. ಪರದೆ ಎಷ್ಟು ಚೆನ್ನಾಗಿ ಕಟ್ಟಿದ್ರೆ ಒಳಗಿರೋನಿಗೆ ಅಷ್ಟು ಕೆಟ್ಟದ್ದು. ಅದಕ್ಕೇ ಪರದೆ ಕಟ್ಟೋರು ಅದರ ಜೊತೆ ಇನ್ನೂ ಎರಡು ಕೆಲಸ ಮಾಡಲೇಬೇಕು: ಧೂಳು ಏಳದಂಗೆ ನೀರು, ಎದ್ದ ಧೂಳು ಹೊರಗೆ ಹೋಗೋಕೆ ದಾರಿ. ಈ ಎರಡು ಇಲ್ಲದ ಪರದೆ ಯಜಮಾನನಿಗೆ ಕಾವಲು, ಕೂಲಿಯವನಿಗೆ ಗೋರಿ.

ಇದು ಕಷ್ಟದ ಕೆಲಸ ಏನಲ್ಲ. ಗ್ರಾನೈಟ್, ಟೈಲ್ಸ್ ಕತ್ತರಿಸೋದನ್ನ ಕೋಣೆ ಒಳಗೆ ಮಾಡ್ಬೇಡಿ, ಅಳತೆ ತಗೊಂಡು ಅಂಗಳಕ್ಕೆ ಹೋಗಿ. ನೀರು ಬಿಟ್ಕೊಂಡೇ ಕತ್ತರಿಸಿ. ಹಂಗಂತ ಸಿಕ್ಕಿದ ಗ್ರೈಂಡರ್ ಮೇಲೆ ಬಾಟ್ಲಿಯಿಂದ ನೀರು ಸುರೀಬೇಡಿ, ಕರೆಂಟ್ ಹೊಡೆದು ಸಾಯ್ತೀರ. ನೀರಿನ ಪೈಪ್ ಇರೋ ಕಟ್ಟರ್ ಬಾಡಿಗೆಗೆ ಸಿಗುತ್ತೆ, ಅದನ್ನ ತರಿಸಿ. ಲೈನಿಗೆ ಇಎಲ್‌ಸಿಬಿ ಇರಲಿ. ಒಡೆಯೋ ಗೋಡೆ, ಕೀಳೋ ನೆಲ ಮೊದಲು ನೆನೆಸಿ. ಕೋಣೆಯ ಕಿಟಕಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಹೊರಮುಖವಾಗಿ ಕೂರಿಸಿ. ಆಗ ಕೋಣೆ ಗಾಳಿನ ಒಳಕ್ಕೆ ಎಳ್ಕೊಳ್ಳುತ್ತೆ, ಪರದೆ ಸಂದಿಯಿಂದ ಧೂಳು ಮನೆ ಕಡೆನೂ ಹೋಗಲ್ಲ, ಕೆಲಸದೋನೂ ಉಸಿರಾಡ್ತಾನೆ. ನೋಡಿ, ಕೆಲಸಗಾರನನ್ನ ಉಳಿಸೋ ಉಪಾಯವೇ ಯಜಮಾನನ ದೇವರಮನೆಯನ್ನೂ ಉಳಿಸುತ್ತೆ! ಆ ಫ್ಯಾನಿನ ಮುಂದೆ ಪಕ್ಕದ ಮನೆ ಕಿಟಕಿ ಇರಬಾರದು, ಅಷ್ಟು ನೋಡ್ಕೊಳ್ಳಿ. ಸಾಯಂಕಾಲ ಒಣ ಪೊರಕೆ ಹೊಡೀಬೇಡಿ, ನೀರು ಚಿಮುಕಿಸಿ ಬಳೀರಿ.

ಮಾಸ್ಕ್ ಬರೋದು ಇದೆಲ್ಲಾ ಆದ ಮೇಲೆ. ಟವೆಲ್ಲು, ಕರ್ಚೀಫು, ಸೀರೆ ಸೆರಗು ಈ ಸಣ್ಣ ಕಣನ ತಡೆಯಲ್ಲ. ಮುಖಕ್ಕೆ ಸಂದಿ ಇಲ್ಲದಂಗೆ ಕೂರೋ ಎನ್-95 ಬೇಕು, ಒದ್ದೆ ಆದಾಗ, ಕಟ್ಕೊಂಡಾಗ ಬದಲಾಯಿಸಬೇಕು. ಅದರ ಖರ್ಚು ಮನೆ ಯಜಮಾನಂದೋ ಕಂಟ್ರಾಕ್ಟರದೋ ಆಗ್ಬೇಕು, ಕೂಲೀಲಿ ಹಿಡಿಯಂಗಿಲ್ಲ.

ಇಷ್ಟಕ್ಕೂ ಆಗೋ ಖರ್ಚು ಆ ಮನೆಯ ಒಂದು ಝೂಮರ್ ಲೈಟಿಗಿಂತ ಕಡಿಮೆ.

ಇಲ್ಲಿಗೆ ಒಬ್ಬರು ಬರ್ತಾರೆ, ಗೊತ್ತು ನನಗೆ. "ಎಲ್ಲದರಲ್ಲೂ ಜಾತಿ ತರ್ತೀರಲ್ರೀ, ಧೂಳಿಗೂ ಜಾತಿ ಐತಾ?"

ಧೂಳಿಗೆ ಜಾತಿ ಇಲ್ಲ ಸ್ವಾಮಿ, ಅದನ್ನ ಕುಡಿಯೋ ಕೆಲಸಕ್ಕೆ ಐತೆ. ದುರ್ಗದ ಯಾವುದಾದ್ರೂ ರಿಪೇರಿ ಮನೆಗೆ ಹೋಗಿ ನೋಡಿ. ಡಿಸೈನ್ ಮಾಡೋರು ಯಾರು, ಗೋಡೆ ಒಡೆಯೋರು ಯಾರು, ಬಾಂಡ್ಲಿ ಹೊರೋರು ಯಾರು, ಕೊನೆಗೆ ಕಸ ಗುಡಿಸೋರು ಯಾರು ಅಂತ ಒಂದು ಪಟ್ಟಿ ಮಾಡಿ. ಮೇಲಿಂದ ಕೆಳಗೆ ಬರ್ತಾ ಬರ್ತಾ ಧೂಳು ಹೆಚ್ಚಾಗ್ತಾ ಹೋಗುತ್ತೆ, ಕೂಲಿ ಕಡಿಮೆ ಆಗ್ತಾ ಹೋಗುತ್ತೆ, ಹೆಸರುಗಳು ನಮ್ಮ ಹಟ್ಟಿ ಕಡೆ ಬರ್ತಾ ಹೋಗುತ್ತೆ. ಮಾದಿಗರು, ಹೊಲೆಯರು, ಭೋವಿಗಳು. ಅದರಲ್ಲೂ ತಳದಲ್ಲಿ ನಮ್ಮ ಹೆಣ್ಮಕ್ಕಳು. ಜಾತಿ ಅಂದ್ರೆ ಕೆಲಸ ಹಂಚೋದಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಅಂತ ಒಡೆಯೋದು ಅಂತ ಬಾಬಾಸಾಹೇಬರು 1936ರಲ್ಲೇ ಬಿಡಿಸಿ ಹೇಳಿದ್ರು. ಆ ಮೆಟ್ಟಿಲಿನ ತುದೀಲಿ ಗಾಳಿ ಇದ್ರೆ ಬುಡದಲ್ಲಿ ಧೂಳು ಐತೆ.

ಹೊಸದುರ್ಗದ ಒಬ್ಬ ಅಕ್ಕನ ಮಾತು ಕೇಳಿ. ಹದಿನೈದು ವರ್ಷದಿಂದ ಗಾರೆ ಕೆಲಸಕ್ಕೆ ಹೋಗ್ತಾರೆ, ಹೆಲ್ಪರ್. "ನಮ್ಮನ್ನ ಪರದೆ ಆ ಕಡೆ ಬಿಡಂಗಿಲ್ಲ ಕಣಣ್ಣ. ನೀರು ಬೇಕಂದ್ರೆ ಹಿತ್ತಲಿಂದ ಸುತ್ತಿ ಬರ್ಬೇಕು. ಮೈಯೆಲ್ಲಾ ಧೂಳು ಅಂತಾರೆ. ಧೂಳು ಒರೆಸ್ಕೊಂಡು ಬಂದ್ರೂ ಬಿಡಂಗಿಲ್ಲ." ಕೊನೇ ವಾಕ್ಯ ಇನ್ನೊಂದು ಸಲ ಓದಿ. ಧೂಳು ಒಂದು ನೆಪ. ಇದೇ ಅಕ್ಕ ಸಾಯಂಕಾಲ ಅದೇ ಸೀರೇಲಿ ಮನೆಗೆ ಹೋಗಿ ಮಗನ್ನ ಎತ್ಕೊಳ್ತಾರೆ. ಸೆರಗಲ್ಲಿರೋ ಧೂಳು ಮಗನ ಮೂಗಿಗೆ. ಯಜಮಾನರ ಮಗುಗೆ ಪರದೆ ಐತೆ, ಅಕ್ಕನ ಮಗುಗೆ? ಕೈಕಾಲು ತೊಳ್ಕೊಳ್ಳೋಕೆ, ಬಟ್ಟೆ ಬದಲಾಯಿಸೋಕೆ ಒಂದು ಮರೆ, ಒಂದು ಕೊಳಾಯಿ ಕೊಡೋದು ಅಷ್ಟು ಭಾರವಾ?

ನಮ್ಮ ಜಿಲ್ಲೆಗೆ ಪರದೆ ಹೊಸದಲ್ಲ. ನಮ್ಮ ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. 2019ರ ಸೆಪ್ಟೆಂಬರಿನಲ್ಲಿ ಇದೇ ಕ್ಷೇತ್ರದ ಅಂದಿನ ಸಂಸದ ಎ. ನಾರಾಯಣಸ್ವಾಮಿಯವರನ್ನ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಒಳಗೆ ಬಿಡದೆ ವಾಪಸ್ ಕಳಿಸಿದ್ದು ಇಡೀ ದೇಶ ನೋಡ್ತು. ಅವರ ಪಕ್ಷ, ಅವರ ರಾಜಕೀಯ ನಂಗೆ ಒಪ್ಪಿಗೆ ಇಲ್ಲ, ಅದು ಬೇರೆ ಮಾತು. ಲಕ್ಷಾಂತರ ಜನ ಓಟು ಹಾಕಿ ಗೆಲ್ಲಿಸಿದ ಸಂಸದನಿಗೇ ಕಾಣದ ಪರದೆ ಇದ್ರೆ ಬಾಂಡ್ಲಿ ಹೊರೋ ಅಕ್ಕನಿಗೆ ಎಂಥದ್ದು ಇರಬೇಡ? ಟೇಪ್ ಹಚ್ಚಿದ ಪ್ಲಾಸ್ಟಿಕ್ ಪರದೆ ಕೆಲಸ ಮುಗಿದ ಮೇಲೆ ಕಿತ್ತು ತಿಪ್ಪೆಗೆ ಹೋಗುತ್ತೆ. ಇನ್ನೊಂದು ಪರದೆ ಗೃಹಪ್ರವೇಶದ ದಿನ ಕಾಣುತ್ತೆ. ಆ ನೆಲ ಹಾಸಿದೋನು ಅದೇ ನೆಲದ ಮೇಲೆ ಊಟಕ್ಕೆ ಕೂರಂಗಿಲ್ಲ.

ಈಗ ನಮ್ಮ ಸೋದರಮಾವನ ಕತೆ. ಹಿರಿಯೂರು ಕಡೆಯೋರು. ಬೆಂಗಳೂರಲ್ಲಿ ಇಪ್ಪತ್ತು ವರ್ಷ ನೆಲ ಪಾಲಿಶ್ ಕೆಲಸ. ಊರಿಗೆ ಬಂದಾಗಲೆಲ್ಲ ನಮಗೆ ಬೇಕರಿ ತಿಂಡಿ ತರೋರು. ನಲವತ್ತು ದಾಟಿದ ಮೇಲೆ ದಮ್ಮು ಶುರುವಾಯ್ತು. ಕೆಮ್ಮು, ತೂಕ ಇಳೀತು. ಆಸ್ಪತ್ರೇಲಿ ಎಕ್ಸ್-ರೇ ನೋಡಿ ಟಿಬಿ ಅಂದ್ರು. ಆರು ತಿಂಗಳು ಮಾತ್ರೆ. ಕಡಿಮೆ ಆಗಲಿಲ್ಲ. ಮತ್ತೆ ಟಿಬಿ ಮಾತ್ರೆ. ಕಫದ ಪರೀಕ್ಷೇಲಿ ಏನೂ ಸಿಗಲಿಲ್ಲ, ಆದ್ರೂ ಮಾತ್ರೆ. ಎರಡು ವರ್ಷ ಕಳೆದ ಮೇಲೆ ಒಬ್ಬ ಡಾಕ್ಟ್ರು ಕೇಳಿದ್ರು: "ನೀವು ಏನ್ ಕೆಲಸ ಮಾಡ್ತಿದ್ರಿ?" ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೇ ಡಾಕ್ಟ್ರು ಅವರು. ಅಷ್ಟೊತ್ತಿಗೆ ಮಾವ ಹತ್ತು ಹೆಜ್ಜೆ ನಡೆಯೋಕೆ ಆಗ್ತಿರಲಿಲ್ಲ. ಕೂತ್ಕೊಂಡೇ ನಿದ್ದೆ ಮಾಡೋರು, ಮಲಗಿದ್ರೆ ಉಸಿರು ಕಟ್ಟೋದು. ನಲವತ್ತಾರಕ್ಕೆ ಹೋದ್ರು. ಸಾವಿನ ಕಾಗದದಲ್ಲಿ ಉಸಿರಾಟದ ತೊಂದರೆ ಅಂತ ಬರೆದಿತ್ತು. ಉಸಿರಾಟದ ತೊಂದರೆಗೆ ಪರಿಹಾರ ಕೊಡ್ತಾರಾ? ಅತ್ತೆಗೆ ಒಂದು ರೂಪಾಯಿ ಬರಲಿಲ್ಲ.

ಇದು ನಮ್ಮ ಮಾವನ ಒಬ್ಬರ ಹಣೆಬರಹ ಅಲ್ಲ. ಸಿಲಿಕೋಸಿಸ್ ಇರೋರಿಗೆ ಟಿಬಿ ಬರೋ ಸಾಧ್ಯತೆನೂ ಜಾಸ್ತಿ, ಸಿಲಿಕೋಸಿಸ್ಸನ್ನೇ ಟಿಬಿ ಅಂತ ತಿಳಿಯೋ ಸಾಧ್ಯತೆನೂ ಜಾಸ್ತಿ. ಎಕ್ಸ್-ರೇ ನೋಡೋರು ಕೆಲಸ ಏನು ಅಂತ ಕೇಳದೇ ಹೋದ್ರೆ ರೋಗ ಕಡತಕ್ಕೆ ಬರಲ್ಲ. ಕಡತದಲ್ಲಿ ರೋಗ ಇಲ್ಲ ಅಂದ್ರೆ ಸರ್ಕಾರದ ಪ್ರಕಾರ ಧೂಳೇ ಇಲ್ಲ.

ಕಾನೂನು ಏನ್ ಹೇಳುತ್ತೆ? 1948ರ ಫ್ಯಾಕ್ಟರಿ ಕಾಯ್ದೇಲೇ ಸಿಲಿಕೋಸಿಸ್ ಅಧಿಸೂಚಿತ ರೋಗ, ಕಂಡ ಡಾಕ್ಟ್ರು ವರದಿ ಮಾಡ್ಬೇಕಿತ್ತು. ಆದ್ರೆ ಮನೆ ಫ್ಯಾಕ್ಟರಿ ಅಲ್ವಲ್ಲ! ಕಟ್ಟಡ ಕಾರ್ಮಿಕರಿಗೆ ಅಂತ 1996ರಲ್ಲಿ ಬೇರೆ ಕಾಯ್ದೆ ಬಂತು, ಶೇಕಡಾ 1 ಸೆಸ್ ಬಂತು. ಅದರಲ್ಲೂ ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿದ್ರೆ ಆ ಕಾಯ್ದೆ ಅನ್ವಯ ಆಗ್ತಿರಲಿಲ್ಲ, ಸ್ವಂತ ವಾಸದ ಮನೆಗೆ 10 ಲಕ್ಷದವರೆಗಿನ ಕೆಲಸಕ್ಕೆ ವಿನಾಯಿತಿ ಇತ್ತು. ಈಗ 2020ರ ಹೊಸ ಸಂಹಿತೇಲಿ ಆ 10 ಲಕ್ಷ 50 ಲಕ್ಷ ಆಗೈತೆ. ಹೇಳಿ, ಹೊಳಲ್ಕೆರೇಲಿ, ಹೊಸದುರ್ಗದಲ್ಲಿ 50 ಲಕ್ಷ ಕೊಟ್ಟು, ಹತ್ತು ಜನ ಇಟ್ಟು ಮನೆ ರಿಪೇರಿ ಮಾಡಿಸೋರು ಎಷ್ಟು ಮಂದಿ? ಮೂರು ಜನ ಹುಡುಗರು, ಒಬ್ಬ ಅಕ್ಕ, ಒಂದು ಕಟ್ಟರ್ ಮೆಷಿನ್ನು. ರಿಪೇರಿ ಅಂದ್ರೆ ಇಷ್ಟೇ. ಅಂದ್ರೆ ನಮ್ಮೋರು ಸಾಯೋ ಜಾಗಾನೇ ಹುಡುಕಿ ಕಾನೂನು ಅದರ ಹೊರಗೆ ಗೆರೆ ಎಳೆದೈತೆ. ಇದೂ ಒಂದು ಪ್ಲಾಸ್ಟಿಕ್ ಶೀಟೇ.

2018ರಲ್ಲಿ ಕೇಂದ್ರ ಪರಿಸರ ಇಲಾಖೆ ಕಟ್ಟಡದ ಧೂಳಿನ ಬಗ್ಗೆ ನಿಯಮ ಹೊರಡಿಸ್ತು. ಮರಳು, ಡೆಬ್ರಿ ಮುಚ್ಚಿಡಬೇಕು, ಗಾಳಿ ತಡೆಯೋಕೆ ಮರೆ ಕಟ್ಟಬೇಕು, ಬಯಲಲ್ಲಿ ಒಣದಾಗಿ ಕಲ್ಲು ಕೊಯ್ಯಬಾರದು, ನೀರು ಬಿಟ್ಕೊಂಡು ಕೊಯ್ಯಬೇಕು. ಒಳ್ಳೇದು. ಆದ್ರೆ ಅದು ನೋಡೋದು ಊರಿನ ಗಾಳಿನ, ರಸ್ತೇಲಿ ಹೋಗೋರನ್ನ. ಮರೆಯ ಒಳಗಡೆ ನಿಂತಿರೋನ ಲೆಕ್ಕ ಯಾರು ಇಡ್ತಾರೆ? ಹಂಗಾದ್ರೆ ನಮಗೆ ಹಕ್ಕೇ ಇಲ್ವಾ? ಐತೆ. 1995ರ ಜನವರೀಲಿ ಆಸ್ಬೆಸ್ಟಾಸ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕನ ಆರೋಗ್ಯ ಸಂವಿಧಾನದ 21ನೇ ವಿಧಿಯೊಳಗಿನ ಬದುಕುವ ಹಕ್ಕು ಅಂತ ಹೇಳಿತು. ನಾವು ಕೇಳೋದು ಭಿಕ್ಷೆ ಅಲ್ಲ.

ಹೊರಗಿನ ಪ್ರಪಂಚದಲ್ಲೂ ಇದೇ ಕತೆ. 1930ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್‌ನಲ್ಲಿ ಬೆಟ್ಟ ಕೊರೆದು ಸುರಂಗ ಮಾಡಿದ್ರು. ಒಳಗೆ ದುಡಿದೋರಲ್ಲಿ ಬಹುಪಾಲು ಕಪ್ಪು ಜನ. ನೀರು ಬಿಟ್ರೆ ಕೆಲಸ ನಿಧಾನ ಆಗುತ್ತೆ ಅಂತ ಒಣದಾಗೇ ಕೊರೆಸಿದ್ರು. ನೋಡೋಕೆ ಬರ್ತಿದ್ದ ಸಾಹೇಬರ ಮುಖದ ಮೇಲೆ ಮಾಸ್ಕ್, ಕೊರೆಯೋರ ಮುಖದ ಮೇಲೆ ಏನೂ ಇಲ್ಲ. ನೂರಾರು ಜನ ಸತ್ರು. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಆದಿವಾಸಿಗಳು ಗುಜರಾತಿನ ಕಲ್ಲುಪುಡಿ ಕಾರ್ಖಾನೆಗಳಿಗೆ ಹೋಗಿ ಪುಪ್ಪುಸ ತುಂಬಿಸ್ಕೊಂಡು ಬಂದು ಸತ್ರು. ಸತ್ತ 238 ಜನರ ಕುಟುಂಬಕ್ಕೆ ತಲಾ 3 ಲಕ್ಷ ಕೊಡಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳ್ಬೇಕಾಯ್ತು. ಅಲ್ಲಿ ಕಪ್ಪು ಜನ, ಇಲ್ಲಿ ಆದಿವಾಸಿ, ದಲಿತ. ಧೂಳಿಗೆ ಜಾತಿ ಐತಾ ಅಂತ ಕೇಳಿದ್ರಲ್ಲ, ಇದು ಉತ್ತರ. ಇನ್ನೊಂದು ಕಡೆ ಆಸ್ಟ್ರೇಲಿಯಾ ನೋಡಿ. ಅಡುಗೆಮನೆ ಕಟ್ಟೆಗೆ ಹಾಕೋ ಕೃತಕ ಕ್ವಾರ್ಟ್ಜ್ ಕಲ್ಲು ಕೊಯ್ದು ಎಳೇ ವಯಸ್ಸಿನ ಕೆಲಸಗಾರರಿಗೆ ಸಿಲಿಕೋಸಿಸ್ ಬಂತು ಅಂತ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧ ಮಾಡಿದ್ರು. ಅದೇ ಕಲ್ಲನ್ನ ನಮ್ಮಲ್ಲಿ "ಪ್ರೀಮಿಯಂ" ಅಂತ ಮಾರ್ತಾರೆ.

ಈಗ ನನ್ನ ಕಡೆಗೇ ಬೆರಳು. ಮೂರು ವರ್ಷದ ಹಿಂದೆ ದುರ್ಗದಲ್ಲಿ ನಮ್ಮ ಮನೆ ಬಚ್ಚಲು ರಿಪೇರಿ ಮಾಡಿಸಿದೆ. ಹಳೇ ಟೈಲ್ಸ್ ಒಡೆಯೋಕೆ ಇಬ್ಬರು ಬಂದಿದ್ರು, ನಮ್ಮೋರೇ. ನಾನೇನ್ ಮಾಡಿದೆ? ಪುಸ್ತಕದ ಕಪಾಟಿಗೆ ಪ್ಲಾಸ್ಟಿಕ್ ಹೊದಿಸಿದೆ. ಬಾಬಾಸಾಹೇಬರ ಬರಹದ ಸಂಪುಟಗಳು ಧೂಳಾಗಬಾರದು ಅಂತ! ಬಚ್ಚಲು ಬಾಗಿಲು ಹಾಕಿಸಿ ನಾನು ಹೊರಗೆ ಕೂತು ಭಾಷಣ ತಯಾರು ಮಾಡಿದೆ. ಒಳಗೆ ಅವರು ಕೆಮ್ಮೋದು ಕೇಳಿಸ್ತಿತ್ತು. 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡ್ಕೊಂಡಿದ್ದ ಮನುಷ್ಯನ ಪುಸ್ತಕಕ್ಕೆ ಹೊದಿಕೆ, ಕಾರ್ಮಿಕನಿಗೆ ಟವೆಲ್ಲು. ಹೊಳಲ್ಕೆರೆ ಯಜಮಾನರಿಗೆ "ಆ ಕಡೆ?" ಅಂತ ಕೇಳಿದಾಗ ನನಗೆ ನೆನಪಾಗಿದ್ದು ಇದೇ. ಅವರನ್ನ ಬೈದು ಮನೆಗೆ ಬರೋದು ಸುಲಭ ಇತ್ತು, ನಾಲಿಗೆ ಏಳಲಿಲ್ಲ.

ನಮ್ಮಲ್ಲೂ ಈಗ ನೌಕರಿ ಹಿಡಿದೋರು ಮನೆ ಕಟ್ಟಿಸ್ತಿದಾರೆ, ಸಂತೋಷ. ನಮ್ಮ ಸಮುದಾಯದ ಭವನಗಳು, ಮಠಗಳು ಏಳ್ತಿದಾವೆ. ಅಂಬೇಡ್ಕರ್ ಭವನದ ಗ್ರಾನೈಟ್ ಒಣದಾಗಿ ಕೊಯ್ಯೋ ಹುಡುಗನ ಪುಪ್ಪುಸಕ್ಕೆ ಆ ಭವನದ ಹೆಸರು ಗೊತ್ತಾಗಲ್ಲ. ಅದು ಸಾವುಕಾರನ ಧೂಳಿನಷ್ಟೇ ಚೂಪು. ಮೊದಲು ನಮ್ಮ ಮನೆಯಿಂದ ಶುರು ಮಾಡೋಣ.

"ಮಾಸ್ಕ್ ಕೊಟ್ರೂ ಅವರೇ ಹಾಕ್ಕೊಳ್ಳಲ್ಲ" ಅನ್ನೋರಿಗೆ ಒಂದು ಉತ್ತರ. ನಮ್ಮ ಬಯಲುಸೀಮೆ ಬಿಸಿಲಲ್ಲಿ, ಕಿಟಕಿ ಮುಚ್ಚಿದ ಕೋಣೇಲಿ, ಇಪ್ಪತ್ತು ಕೆಜಿ ಬ್ರೇಕರ್ ಹಿಡ್ಕೊಂಡು ಮಾಸ್ಕ್ ಹಾಕ್ಕೊಂಡು ಅರ್ಧ ಗಂಟೆ ನಿಂತು ತೋರಿಸಿ. ಉಸಿರು ಕಟ್ಟುತ್ತೆ, ಅದಕ್ಕೇ ತೆಗೀತಾರೆ. ಅದಕ್ಕೇ ಹೇಳಿದ್ದು ನೀರು ಮೊದಲು, ಗಾಳಿ ಎರಡನೇದು, ಮಾಸ್ಕ್ ಕೊನೇದು ಅಂತ. ಮಧ್ಯೆ ಮಧ್ಯೆ ಹೊರಗೆ ಬಂದು ಸುಧಾರಿಸ್ಕೊಳ್ಳೋಕೆ ಬಿಡಿ. ದಿನಗೂಲಿ ಬದಲು ಚದರಡಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟು "ಬೇಗ ಮುಗಿಸು" ಅಂತ ಕುತ್ತಿಗೆ ಮೇಲೆ ಕೂತ್ರೆ ಯಾವನು ನೀರು ಬಿಟ್ಕೊಂಡು ನಿಧಾನಕ್ಕೆ ಕೊಯ್ತಾನೆ?

ನಮ್ಮ ಹಕ್ಕೊತ್ತಾಯ ಸ್ಪಷ್ಟ:

1. ಮನೆ ರಿಪೇರಿ ಎಷ್ಟೇ ಸಣ್ಣದಿರಲಿ, ಒಣ ಕಟಿಂಗ್ ನಿಲ್ಲಬೇಕು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ಕಟ್ಟಡ ಪರವಾನಗಿ ಕೊಡುವಾಗಲೇ ಈ ಷರತ್ತು ಹಾಕಲಿ.

2. ಕಟ್ಟಡ ಕಾರ್ಮಿಕರ ಆರೋಗ್ಯ ತಪಾಸಣೆ ಅಂದ್ರೆ ಬಿಪಿ, ಶುಗರ್ ನೋಡಿ ಕಳಿಸೋದಲ್ಲ. ಧೂಳಿನ ಕೆಲಸದೋರಿಗೆ ವರ್ಷಕ್ಕೊಮ್ಮೆ ಎದೆ ಎಕ್ಸ್-ರೇ ಮತ್ತು ಉಸಿರಿನ ಪರೀಕ್ಷೆ ಬೇಕು. ಅದನ್ನ ಓದೋಕೆ ತರಬೇತಿ ಇರೋ ಡಾಕ್ಟ್ರು ಜಿಲ್ಲಾಸ್ಪತ್ರೇಲಿ ಇರಬೇಕು.

3. ಪ್ರತಿ ಟಿಬಿ ರೋಗಿಯ ಚೀಟೀಲಿ "ಏನು ಕೆಲಸ, ಎಷ್ಟು ವರ್ಷ" ಅನ್ನೋ ಕಾಲಂ ತುಂಬಬೇಕು.

4. ರಾಜಸ್ಥಾನ 2019ರಲ್ಲಿ ಸಿಲಿಕೋಸಿಸ್ಸಿಗೆ ಅಂತಲೇ ನೀತಿ ಮಾಡ್ತು. ರೋಗ ಪ್ರಮಾಣೀಕರಿಸಿದ ಕೂಡಲೇ 3 ಲಕ್ಷ, ಸತ್ತರೆ ಕುಟುಂಬಕ್ಕೆ ಇನ್ನೂ 2 ಲಕ್ಷ, ಜೊತೆಗೆ ಪಿಂಚಣಿ. ಮಾಲೀಕ ಯಾರು ಅಂತ ಸಾಬೀತು ಮಾಡೋ ಹೊರೆ ರೋಗಿ ಮೇಲೆ ಹಾಕದ ಅಂಥ ನೀತಿ ನಮಗೂ ಬೇಕು.

5. ಸಂಘಟನೆಯ ಪ್ರತಿ ಶಾಖೆ ತನ್ನ ಕಾಲೋನೀಲಿ ಗಾರೆ, ಟೈಲ್ಸ್, ಪಾಲಿಶ್, ಪೇಂಟ್ ಕೆಲಸಕ್ಕೆ ಹೋಗೋರ ಪಟ್ಟಿ ಮಾಡಬೇಕು. ಲೇಬರ್ ಕಾರ್ಡ್ ಇಲ್ಲದೋರಿಗೆ ಮಾಡಿಸಬೇಕು. ವರ್ಷದಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60 ವಯಸ್ಸಿನ ಯಾರಿಗಾದ್ರೂ ಅದು ಸಿಗುತ್ತೆ. ಎರಡು ಸಲ ಟಿಬಿ ಮಾತ್ರೆ ತಗೊಂಡೂ ವಾಸಿಯಾಗದೋರು ಯಾರಿದಾರೆ ಅಂತ ಹುಡುಕಿ, ಕರ್ಕೊಂಡು ಹೋಗಿ.

ಐದನೇದಕ್ಕೆ ಯಾವ ಸರ್ಕಾರದ ಅಪ್ಪಣೆನೂ ಬೇಕಾಗಿಲ್ಲ. ಈ ಭಾನುವಾರದಿಂದಲೇ ಶುರು ಮಾಡಬಹುದು.

ನಮ್ಮದು ಕಲ್ಲಿನ ಕೋಟೆಯ ಊರು. ಏಳು ಸುತ್ತಿನ ಆ ಕೋಟೇಲಿ ಒಂದು ಕಿಂಡಿ ಇತ್ತು. ಅದನ್ನ ಕಾದೋಳು ಅರಮನೆ ರಾಣಿ ಅಲ್ಲ, ನಮ್ಮ ಹಟ್ಟಿಯ ಹೆಣ್ಣುಮಗಳು ಓಬವ್ವ, ಕೈಲಿದ್ದಿದ್ದು ಮನೆಯ ಒನಕೆ. ಅವಳ ಜಯಂತಿನ ಸರ್ಕಾರ ನವೆಂಬರ್ 11ಕ್ಕೆ ಆಚರಿಸುತ್ತೆ, ನಾವು ಹಾರ ಹಾಕ್ತೀವಿ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆ 1907ಕ್ಕೆ ಮುಗೀತು. ಕಟ್ಟಿಸಿದೋರ ಹೆಸರು ಎಲ್ಲರಿಗೂ ಗೊತ್ತು. ಆ ಕಲ್ಲು ಒಡೆದು ಹೊತ್ತೋರ ಹೆಸರು ಯಾರಿಗೆ ಗೊತ್ತು? ನಮ್ಮೋರು ಈ ಜಿಲ್ಲೆಗೆ ಗೋಡೆ ಕಟ್ಟಿ ಕೊಟ್ಟಿದಾರೆ, ಗೋಡೆ ಕಾದೂ ಕೊಟ್ಟಿದಾರೆ. ಅದೇ ಗೋಡೆ ಒಳಗೆ ಉಸಿರುಗಟ್ಟಿ ಸಾಯೋದು ಸಾಕು.

ಆವತ್ತು ಹೊಳಲ್ಕೆರೆ ಮನೇಲಿ ಏನಾಯ್ತು ಅಂತ ಕೇಳ್ತೀರ. ಯಜಮಾನರ ಜೊತೆ ಜಗಳ ಆಡಲಿಲ್ಲ. ಆ ಕಡೆ ಕರ್ಕೊಂಡು ಹೋಗಿ ಎರಡು ನಿಮಿಷ ನಿಲ್ಲಿಸಿದೆ. ಮೆಷಿನ್ ಹಾಕು ಅಂತ ತಮ್ಮನಿಗೆ ಹೇಳಿದೆ. ಒಂದು ನಿಮಿಷಕ್ಕೇ ಕೆಮ್ಮುತಾ ಹೊರಗೆ ಬಂದ್ರು. ಮಾರನೇ ದಿನ ಕಟಿಂಗ್ ಅಂಗಳಕ್ಕೆ ಬಂತು, ನೀರಿನ ಕಟ್ಟರ್ ಬಂತು, ಕಿಟಕಿ ತೆಗೀತು. ಕೂಲಿ ಬಾಕಿ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ, ಅದಕ್ಕೆ ಮತ್ತೆ ಹೋಗ್ತೀನಿ.

ನಿಮ್ಮೂರಲ್ಲಿ ಯಾವ ಮನೇಲಾದ್ರೂ ಇಂಥ ಪರದೆ ಕಂಡ್ರೆ ನೀವೂ ಅದೇ ಒಂದು ಪ್ರಶ್ನೆ ಕೇಳಿ. ನಿಮ್ಮ ಮನೇಲಿದ್ರೆ ಮೊದಲು ನಿಮ್ಮನ್ನೇ ಕೇಳ್ಕೊಳ್ಳಿ.

ಆ ಕಡೆ?

ಜೈ ಭೀಮ್.